ಎರಡು ಮುಖದ ಪುಸ್ತಕಕ್ಕೆ ಗುಳಿ ಕೊಯ್ಯುವ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಮೊದಲು ಎದುರಾಗುವುದು ಅಂಟಿನ ವಾಸನೆ, ಆಮೇಲೆ ಆಳೆತ್ತರದ ಕಾಗದದ ಕಟ್ಟುಗಳು, ಅವುಗಳ ನಡುವೆ ಒಂದೇ ಒಂದು ಬಲ್ಬು. ಅದರ ಕೆಳಗೆ ಎತ್ತರದ ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಎಡಕ್ಕೆ ತಿರುಗಿಸುತ್ತಾರೆ, ಬಲಕ್ಕೆ ತಿರುಗಿಸುತ್ತಾರೆ, ಮತ್ತೆ ಎಡಕ್ಕೆ ತಿರುಗಿಸಿ ಸುಮ್ಮನೆ ನೋಡುತ್ತಾರೆ. ಪುಸ್ತಕದೊಳಗೆ ಒಂದಕ್ಷರವೂ ಇಲ್ಲ, ಎಲ್ಲ ಖಾಲಿ ಹಾಳೆ. "ಇದರ ಮುಖ ಯಾವ ಕಡೆ, ಹೇಳಿ ನೋಡೋಣ?" ಎಂದು, ಅವರ ಕೆಲಸ ನೋಡಲು ಬಂದ ನನ್ನನ್ನೇ ಕೇಳುತ್ತಾರೆ. ನಾನು ಒಂದು ಕಡೆ ತೋರಿಸುತ್ತೇನೆ. "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದು ನಗುತ್ತಾರೆ. ನಾನು ತೋರಿಸಿದ್ದು ಸರಿಯೋ ತಪ್ಪೋ ಎಂಬುದು ಮಾತ್ರ ತಿಳಿಯುವುದಿಲ್ಲ.

ಈ ಬೈಂಡಿಂಗ್ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಗುಳಿಯಕ್ಕ ಎಂದು. ದೊಡ್ಡ ನಿಘಂಟುಗಳ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಅರ್ಧಚಂದ್ರದ ಗುಳಿಗಳಿರುತ್ತವಲ್ಲ, ಒಂದೊಂದರಲ್ಲೂ ಒಂದೊಂದು ಅಕ್ಷರದ ಪುಟ್ಟ ಚೀಟಿ ಅಂಟಿಸಿರುತ್ತಾರಲ್ಲ, ಆ ಗುಳಿ ಕೊಯ್ಯುವುದು ಅವರ ಕೆಲಸ. ನಿಘಂಟು ಬರೆದವರ ಹೆಸರು ಮುಖಪುಟದಲ್ಲಿ ಇರುತ್ತದೆ, ಅಚ್ಚು ಹಾಕಿದವರದು ಒಳಪುಟದಲ್ಲಿ. ಗುಳಿ ಕೊಯ್ದವರೂ ಒಬ್ಬರು ಇದ್ದಾರೆಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ, ಯಾವುದೋ ಯಂತ್ರ ಕಚ್ಚಿ ಉಗುಳುತ್ತದೆ ಎಂದುಕೊಂಡಿದ್ದೆ.

ಕೆಲಸ ನೋಡಲು ನೀರು ಕುಡಿದಷ್ಟು ಸುಲಭ. ಮೇಜಿಗೆ ಬಿಗಿದ ಒಂದು ಹಿಡಿಕೆ, ಅದರ ತುದಿಯಲ್ಲಿ ಬಾಗಿದ ಅಲಗು. ಒಂದು ಅಕ್ಷರ ಶುರುವಾಗುವ ಪುಟವನ್ನು ಹುಡುಕಿ ಅದರ ಮೇಲೆ ತಗಡಿನ ತುಂಡೊಂದನ್ನು ಇಡಬೇಕು. ಆ ಪುಟಕ್ಕಿಂತ ಮೊದಲು ಬರುವ ಒಂದು ಹಿಡಿ ಹಾಳೆಗಳು ತಗಡಿನ ಮೇಲೆ ಬರುತ್ತವೆ. ಹಿಡಿಕೆ ಒತ್ತಿದರೆ ಅವುಗಳ ಅಂಚು ಅರ್ಧಚಂದ್ರವಾಗಿ ಹಾರಿಬೀಳುತ್ತದೆ. ತಗಡಿನ ಕೆಳಗಿನ ಪುಟಕ್ಕೆ ಗಾಯವಾಗುವುದಿಲ್ಲ. ಅದು ಗುಳಿಯ ತಳವಾಗಿ ಉಳಿಯುತ್ತದೆ, ಚೀಟಿ ಅಂಟುವುದು ಅದರ ಮೇಲೆ, ಓದುವವರ ಹೆಬ್ಬೆರಳು ಬಂದು ನಿಲ್ಲುವುದೂ ಅಲ್ಲೇ. "ಒತ್ತೋದು ಯಾರು ಬೇಕಾದ್ರೂ ಒತ್ತಬಹುದು. ತಗಡು ಎಲ್ಲಿ ಇಡ್ತೀವಿ ಅನ್ನೋದೇ ಕೆಲಸ" ಎನ್ನುತ್ತಾರೆ ಗುಳಿಯಕ್ಕ. ಆ ತಗಡೇ ಅವರನ್ನು ಈಗ ಇಕ್ಕಟ್ಟಿಗೆ ಸಿಕ್ಕಿಸಿದೆ.

ಈ ಕೆಲಸ ಅವರಿಗೆ ಬಂದದ್ದು ಗಂಡನ ಮನೆಯಿಂದ. ಇದೇ ಮೇಜಿನಲ್ಲಿ ಮೊದಲು ಕುಳಿತಿದ್ದವರು ಅವರ ಮಾವ. ಮಾವನ ಮಗ, ಅಂದರೆ ಗುಳಿಯಕ್ಕನ ಗಂಡ, ಲಾರಿಯ ಸ್ಟೇರಿಂಗ್ ಹಿಡಿದ, ಅಂಟಿನ ವಾಸನೆ ಅವನಿಗೆ ಆಗಿಬರಲಿಲ್ಲ. ಮಾವನ ಕಣ್ಣು ಮಂಜಾಗುತ್ತ ಬಂದಾಗ ಊಟದ ಡಬ್ಬಿ ಕೊಡಲು ಬಂದ ಸೊಸೆಯೇ ಪುಟ ಹುಡುಕಿಕೊಡುತ್ತ ನಿಂತಳು, ನಿಂತವಳು ಕೂತಳು. "ನಮ್ಮ ಮಾವ ಬೈದು ಕಲಿಸಲಿಲ್ಲ. ತಪ್ಪಾದ್ರೆ ಆ ಪುಸ್ತಕಾನ ಎದುರಿಗೆ ಇಟ್ಟು ಸುಮ್ಮನೆ ಟೀ ಕುಡೀತಿದ್ರು. ಬೈದಿದ್ರೇ ವಾಸಿಯಿತ್ತು" ಎಂದು ಈಗಲೂ ಮುಖ ಸಣ್ಣದು ಮಾಡುತ್ತಾರೆ. ಮಾವ ಕಲಿಸಿದ ಸೂತ್ರ ಒಂದೇ: ಮುಖ ಮೇಲೆ, ಬೆನ್ನು ಎಡಕ್ಕೆ. ಅಂದರೆ ಪುಸ್ತಕದ ಮುಂದಿನ ರಟ್ಟು ಮೇಲಿರಬೇಕು, ಹೊಲಿದ ಕಡೆ ಎಡಗೈಗೆ ಬರಬೇಕು. ಹೀಗೆ ಇಟ್ಟರೆ ಯಾವ ನಿಘಂಟಾದರೂ ತಪ್ಪುವುದಿಲ್ಲ ಎಂದು ಅವರು ಹೇಳಿದ್ದರು, ಮೂವತ್ತು ವರ್ಷಗಳಲ್ಲಿ ತಪ್ಪಿರಲೂ ಇಲ್ಲ.

ಪಕ್ಕದ ಸ್ಟೂಲಿನಲ್ಲಿ ಕುಳಿತು ಚೀಟಿ ಅಂಟಿಸುವವರು ಗುಳಿಯಕ್ಕನ ನಾದಿನಿ. ಇಬ್ಬರೂ ಸೇರಿ ದಿನಕ್ಕೆ ಎಪ್ಪತ್ತು ಎಂಬತ್ತು ಪುಸ್ತಕ ಮುಗಿಸುತ್ತಾರೆ, ಮಾತು ಅದಕ್ಕಿಂತ ಹೆಚ್ಚು. ಮನೆಯಲ್ಲಿ ಅತ್ತಿಗೆ ಹೇಳಿದಂತೆ, ಶೆಡ್ಡಿನಲ್ಲಿ ನಾದಿನಿ ಹೇಳಿದಂತೆ ಎಂಬುದು ಒಪ್ಪಂದ. "ಅತ್ತಿಗೆ ಗುಳಿ ತೋಡ್ತಾರೆ, ನಾನು ಮುಚ್ತೀನಿ. ನಮ್ಮದು ರಸ್ತೆ ಕೆಲಸದವರ ಥರ" ಎಂದು ನಾದಿನಿ ನಗಿಸುತ್ತಾರೆ. ಅವರ ಉಗುರಿನ ಮೇಲೆ ಗಟ್ಟಿಯಾದ ಅಂಟು ಬಣ್ಣ ಹಚ್ಚಿದಂತೆ ಹೊಳೆಯುತ್ತದೆ.

ಕಳೆದ ವರ್ಷ ಈ ಮೇಜಿಗೆ ಬಂತು ಜಪಾನಿ ನಿಘಂಟು. ಎದುರು ಕಟ್ಟಡದ ಮಹಡಿಯಲ್ಲಿ ಜಪಾನಿ ಭಾಷೆ ಕಲಿಸುವ ಟೀಚರ್ ಒಬ್ಬರಿದ್ದಾರೆ. ಆ ದೇಶದ ಆಸ್ಪತ್ರೆಗಳಿಗೆ, ವೃದ್ಧರ ಆರೈಕೆ ಮನೆಗಳಿಗೆ, ಗ್ಯಾರೇಜುಗಳಿಗೆ ಕೆಲಸಕ್ಕೆ ಹೋಗುವವರು ಅವರ ವಿದ್ಯಾರ್ಥಿಗಳು. ಅವರಿಗೆಂದೇ ಟೀಚರ್ ವರ್ಷಗಟ್ಟಲೆ ಕೂತು ಒಂದು ನಿಘಂಟು ಸಿದ್ಧಮಾಡಿದರು. ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದಕ್ಕೆ ಟೀಚರ್ ಹೇಳಿದ್ದು: "ಫೋನಲ್ಲಿ ಕೇಳಿದ ಪದ ಮಾತ್ರ ಸಿಗತ್ತೆ. ಪುಸ್ತಕದಲ್ಲಿ ಅದರ ಅಣ್ಣ, ತಮ್ಮ, ಷಡ್ಡಕ ಎಲ್ಲಾ ಪಕ್ಕದಲ್ಲೇ ಇರ್ತಾರೆ. ನೆಂಟಸ್ತನ ತಿಳೀದೆ ಭಾಷೆ ಬರಲ್ಲ."

ಈ ಪುಸ್ತಕಕ್ಕೆ ಎರಡು ಮುಖ. ನಮ್ಮ ಪದಕ್ಕೆ ಜಪಾನಿ ಅರ್ಥ ಬೇಕಾದರೆ ನಮ್ಮ ಪುಸ್ತಕಗಳಂತೆ ಎಡದಿಂದ ತೆರೆಯಬೇಕು. ಜಪಾನಿ ಪದಕ್ಕೆ ನಮ್ಮ ಅರ್ಥ ಬೇಕಾದರೆ ಪುಸ್ತಕವನ್ನು ಮಗುಚಿ, ಅವರ ಹಳೆಯ ರೂಢಿಯಂತೆ ಬಲದಿಂದ ತೆರೆಯಬೇಕು. ಎರಡೂ ಕಡೆಯಿಂದ ಬಂದ ಪುಟಗಳು ನಡುವೆ ಎಲ್ಲೋ ಭೇಟಿಯಾಗುತ್ತವೆ. ಹಿಂದಿನ ರಟ್ಟು ಎಂಬುದೇ ಇಲ್ಲ. ನಾನು ಕೈಗೆತ್ತಿಕೊಂಡಾಗ ಎರಡು ಸಲ ಮಗುಚಿದೆ, ಮೂರನೇ ಸಲ ಎಲ್ಲಿಂದ ಹೊರಟೆ ಎಂಬುದೇ ಮರೆತುಹೋಯಿತು. ತಲೆಬುಡ ತಿಳಿಯದ ಪುಸ್ತಕ ಎಂದು ಬೈಯುವುದನ್ನು ಕೇಳಿದ್ದೆ, ಅಂಥದ್ದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಗುಳಿಯಕ್ಕ ಮಾವನ ಸೂತ್ರ ಬಿಡಲಿಲ್ಲ. ಮುಖ ಮೇಲೆ, ಬೆನ್ನು ಎಡಕ್ಕೆ. ನಮ್ಮ ಭಾಷೆಯ ಅರ್ಧ ಸರಾಗವಾಗಿ ಮುಗಿಯಿತು. ಜಪಾನಿ ಅರ್ಧ ಬಂದಾಗ ಪುಸ್ತಕವನ್ನು ಮಗುಚಬೇಕಿತ್ತು. ಮಗುಚಲಿಲ್ಲ, ಅದೇ ಭಂಗಿಯಲ್ಲಿ ಮುಂದುವರಿಸಿದರು. ಜಪಾನಿ ನಿಘಂಟಿನಲ್ಲಿ ಪದಗಳು ಅ ಸಾಲು, ಕ ಸಾಲು, ಸ ಸಾಲು ಎಂದು ಬರುತ್ತವೆ. ಬಲದಿಂದ ತೆರೆಯುವ ಪುಸ್ತಕದಲ್ಲಿ 'ಕ' ಶುರುವಾಗುವ ಪುಟ ಎಡಗಡೆ ಇರುತ್ತದೆ, 'ಅ' ಮುಗಿಯುವ ಪುಟ ಬಲಗಡೆ. ಗುಳಿಯಕ್ಕ ಅಭ್ಯಾಸದಂತೆ ತಗಡನ್ನು ಬಲಗಡೆಯ ಪುಟದ ಮೇಲೆ ಇಟ್ಟು ಎಡಗಡೆಯ ಹಾಳೆಗಳನ್ನು ಕೊಯ್ದರು. 'ಕ' ಸಾಲಿನ ಮೈಗೇ ಗಾಯವಾಯಿತು, 'ಕ' ಎಂಬ ಚೀಟಿ ಹೋಗಿ 'ಅ' ಮುಗಿಯುವ ಪುಟಕ್ಕೆ ಅಂಟಿತು. ಒಂದಲ್ಲ ಎರಡಲ್ಲ, ಮೊದಲ ಮುದ್ರಣದ ಅಷ್ಟೂ ಪುಸ್ತಕಗಳಿಗೆ ಹೀಗೇ ಆಯಿತು.

ತಮಾಷೆಯೆಂದರೆ, ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ಚೀಟಿಯಲ್ಲಿ 'ಕ' ಎಂದಿದೆ, ಪುಟದಲ್ಲಿ 'ಅ' ಸಾಲಿನ ಪದಗಳಿವೆ, ಎದುರು ಪುಟದಲ್ಲಿ ನೋಡಿದರೆ 'ಕ' ಸಿಗುತ್ತದೆ. ಜಪಾನಿನವರ ಪದ್ಧತಿ ಹೀಗೇ ಇರಬೇಕು ಎಂದು ವಿದ್ಯಾರ್ಥಿಗಳು ನಂಬಿದರು. ಬೈಂಡಿಂಗಿನವರು ವಿಚಾರಿಸಿಯೇ ಮಾಡಿರುತ್ತಾರೆ ಎಂದು ಟೀಚರ್ ನಂಬಿದರು. ಟೀಚರ್ ಹೇಳಿಯೇ ಮಾಡಿಸಿದ್ದಾರೆ ಎಂದು ಬೈಂಡಿಂಗಿನವರು ನಂಬಿದರು. ಟೀಚರ್ ಅದಕ್ಕೊಂದು ಪಾಠವನ್ನೂ ಕಟ್ಟಿದ್ದರು: "ಚೀಟಿ ಅಂದ್ರೆ ಬಾಗಿಲು ಮಾತ್ರ, ಪದ ಇರೋದು ಎದುರುಮನೇಲಿ." ಆಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಜಪಾನಿನಿಂದಲೇ ಒಂದು ನಿಘಂಟು ತಂದು ಟೀಚರ್ ಮೇಜಿನ ಮೇಲಿಟ್ಟ. ಅದರಲ್ಲಿ ಬಾಗಿಲೂ ಪದವೂ ಒಂದೇ ಮನೆಯಲ್ಲಿದ್ದವು.

ಅಂದು ಶೆಡ್ಡಿನಲ್ಲಿ ನಡೆದದ್ದನ್ನು ನಾದಿನಿ ಅಭಿನಯಿಸಿ ತೋರಿಸುತ್ತಾರೆ. ಟೀಚರ್ ತಮ್ಮದೊಂದು, ಜಪಾನಿನದೊಂದು, ಎರಡು ಪುಸ್ತಕ ಹಿಡಿದು ಬಂದರು. ಶೆಡ್ಡಿನ ಯಜಮಾನರು ಅವನ್ನು ಮಗುಚಿ ನೋಡಿ ಜಪಾನಿನಿಂದ ಬಂದದ್ದೇ ತಪ್ಪು ಎಂದರು. ಪುಟ ಜೋಡಿಸಿದವರ ಮೇಲೆ ಹೇಳಿದರು, ಹೊಲಿದವರ ಮೇಲೆ ಹೇಳಿದರು, ನಾದಿನಿಯ ಚೀಟಿಯ ಮೇಲೂ ಹೇಳಿದರು. ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತಾರೆ, ಅಂದು ಶೆಡ್ಡಿನ ನೆಲವೆಲ್ಲ ಡೊಂಕಾಗಿತ್ತು. ಗುಳಿಯಕ್ಕ ಒಬ್ಬರೇ ತಮ್ಮ ಕೈ ನೋಡಿಕೊಳ್ಳುತ್ತ ನಿಂತಿದ್ದರಂತೆ. "ನಂದೇ ಅಂತ ನನಗೆ ಆಗಲೇ ಗೊತ್ತಾಗಿತ್ತು. ಆದ್ರೆ ಹೇಗೆ ಅಂತ ಗೊತ್ತಾಗಲಿಲ್ಲ. ಸರಿಯಾಗೇ ಮಾಡಿದೀನಿ, ತಪ್ಪೂ ಆಗಿದೆ. ಎರಡೂ ಒಟ್ಟಿಗೆ ಹೇಗೆ ಆಗತ್ತೆ?" ಎಂದು ಅವರು ಈಗಲೂ ಕೇಳುತ್ತಾರೆ.

ಈಗ ಎರಡನೇ ಮುದ್ರಣ ಬಂದಿದೆ. ಗುಳಿಯ ಸಹವಾಸವೇ ಬೇಡ, ಅಕ್ಷರ ಗುರುತಿಸಲು ಪುಟದ ಅಂಚಿಗೆ ಕಪ್ಪು ಪಟ್ಟಿ ಅಚ್ಚು ಹಾಕಿಸಿಬಿಡೋಣ ಎಂಬುದು ಯಜಮಾನರ ಯೋಚನೆ. ಆ ಪಟ್ಟಿ ಒಮ್ಮೆ ಬಂದರೆ ಉಳಿದ ನಿಘಂಟುಗಳಿಗೂ ಬರುತ್ತದೆ. ಆಗ ಈ ಮೇಜು, ಈ ಎರಡು ಸ್ಟೂಲು, ಅವುಗಳ ಮೇಲಿನ ಇಬ್ಬರು ಹೆಂಗಸರು ಯಾರೂ ಬೇಕಾಗುವುದಿಲ್ಲ. ಗುಳಿಯಕ್ಕ ಒಂದೇ ಒಂದು ಅವಕಾಶ ಕೇಳಿದರು. ಯಜಮಾನರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯವರು. "ಆಗಲಮ್ಮ, ಮಾದರಿಗೆ ಒಂದಿಷ್ಟು ಪುಸ್ತಕ ಕೊಯ್ದು ಕೊಡು. ಕ್ಲಾಸಿನವರು ಒಪ್ಪಿದ್ರೆ ನಿನ್ನ ಕೈಗೆ, ಇಲ್ದಿದ್ರೆ ಪಟ್ಟಿಗೆ" ಎಂದರು. ಆ ಪರೀಕ್ಷೆ ಇವತ್ತು.

ಅದಕ್ಕೇ ಬೆಳಗಿನ ಜಾವದ ಈ ಖಾಲಿ ಪುಸ್ತಕ. ರದ್ದಿ ಹಾಳೆ ಹೊಲಿದು ಇಂಥವನ್ನು ಅವರೇ ಕಟ್ಟಿಕೊಂಡಿದ್ದಾರೆ, ಕೊಯ್ದು ಕೊಯ್ದು ಚಿಂದಿ ಮಾಡಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಕೈಗೂ ಅನ್ವಯಿಸುತ್ತದೆ. ತಲೆ ಎಡಕ್ಕೆ ಎಂದರೆ ಕೈ ಬಲಕ್ಕೆ ಹೋಗುತ್ತದೆ. ಮನೆಯಲ್ಲೂ ಎಲ್ಲ ಉಲ್ಟಾ ಆಗಿದೆ ಎಂದು, ಬೆಳಗಿನ ಟ್ರಿಪ್ಪಿಗೆ ಹೊರಟು ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿದ ಗಂಡ ದೂರುತ್ತಾರೆ. "ಬೀರು ಬಾಗಿಲನ್ನ ತಿರುಗಣೆ ಕಡೆಯಿಂದ ಎಳೀತಾಳೆ. ಮೊನ್ನೆ ನನ್ನ ಅಂಗಿಗೆ ಗುಂಡಿ ಹಾಕಿದ್ಳು, ಆ ಕಡೆ ಹಾಕಬೇಕಾದ್ದು ಈ ಕಡೆ ಹಾಕಿದಾಳೆ. ಈಗ ನಾನು ಅಂಗಿ ಹಾಕ್ಕೊಳ್ಳೋಕೆ ಜಪಾನಿ ಕಲೀಬೇಕು." ಗುಳಿಯಕ್ಕ ಅವರನ್ನು ಗದರಿಸಿ ಕಳಿಸುತ್ತಾರೆ, ಗದರಿಸುವಾಗಲೂ ಕಣ್ಣು ತಗಡಿನ ಮೇಲೆ.

ಬೆಳಕು ಹರಿದ ಮೇಲೆ ಅಸಲಿ ಪುಸ್ತಕಗಳು ಮೇಜಿಗೆ ಬರುತ್ತವೆ. ಗುಳಿಯಕ್ಕ ಮೊದಲನೆಯದನ್ನು ಮಗುಚುತ್ತಾರೆ. ಬೆನ್ನು ಬಲಕ್ಕೆ. ಎಡಗಡೆಯ ಪುಟದ ಮೇಲೆ ತಗಡು. ಒತ್ತುವ ಮೊದಲು ಕೈ ನಿಲ್ಲುತ್ತದೆ, ತಗಡು ತೆಗೆಯುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. "ಅತ್ತಿಗೆ, ಉಸಿರು ಬಿಡಿ" ಎನ್ನುತ್ತಾರೆ ನಾದಿನಿ. ಹಿಡಿಕೆ ಕೆಳಗಿಳಿಯುತ್ತದೆ. ಅರ್ಧಚಂದ್ರದ ಚೂರುಗಳು ಮಡಿಲಿಗೆ ಉದುರುತ್ತವೆ. ನಾದಿನಿ ಚೀಟಿ ಅಂಟಿಸಿ, ಪುಟ ಓದಿ, ತಲೆಯಾಡಿಸುತ್ತಾರೆ. 'ಕ' ಚೀಟಿ 'ಕ' ಪುಟದಲ್ಲೇ ಇದೆ. ಎಂಟು ಪುಸ್ತಕ ಮುಗಿಯುವ ಹೊತ್ತಿಗೆ ಗುಳಿಯಕ್ಕನ ರವಿಕೆಯ ಬೆನ್ನು ಬೆವರಿನಲ್ಲಿ ನೆನೆದಿದೆ. ನನ್ನದೂ ಅಷ್ಟೇ, ನಾನು ಮಾಡಿದ್ದು ಏನೂ ಇಲ್ಲದಿದ್ದರೂ.

ಪುಸ್ತಕ ಹೊತ್ತುಕೊಂಡು ಯಜಮಾನರು, ಗುಳಿಯಕ್ಕ, ನಾದಿನಿ, ಹಿಂದಿನಿಂದ ನಾನು ಎದುರು ಮಹಡಿ ಹತ್ತುತ್ತೇವೆ. ಉದ್ದನೆಯ ಕೋಣೆ, ಬೆಂಚುಗಳು, ಹಲಗೆಯ ಮೇಲೆ ನನಗೆ ಮೇಲು ಕೆಳಗು ತಿಳಿಯದ ಅಕ್ಷರಗಳು. ಇಲ್ಲಿ ದಿನವೂ ಒಂದು ಓಟದ ಪಂದ್ಯ ನಡೆಯುತ್ತದೆ. ಟೀಚರ್ ಒಂದು ಜಪಾನಿ ಪದ ಕೂಗುತ್ತಾರೆ, ಮೊದಲು ಹುಡುಕಿದವರು ಅರ್ಥ ಓದಿ ಹೇಳಬೇಕು. ಹೊಸ ಪುಸ್ತಕಗಳನ್ನು ಮುಂದಿನ ಬೆಂಚಿಗೆ ಹಂಚಿ ಟೀಚರ್ ಪದ ಕೂಗುತ್ತಾರೆ. ಹಿಂದಿನ ಬೆಂಚಿನಲ್ಲಿ ಹಳೆಯ ಪುಸ್ತಕ ಹಿಡಿದವರು ಥಟ್ಟನೆ ಓದಿಬಿಡುತ್ತಾರೆ. ಮುಂದಿನ ಬೆಂಚಿನವರು ಗುಳಿಗೆ ಬೆರಳಿಡುತ್ತಾರೆ, ಪುಟ ತೆರೆಯುತ್ತಾರೆ, ಎದುರುಮನೆ ನೋಡುತ್ತಾರೆ, ತಬ್ಬಿಬ್ಬಾಗುತ್ತಾರೆ. ಇನ್ನೊಂದು ಪದಕ್ಕೂ ಅದೇ ಪಾಡು, ಮತ್ತೊಂದಕ್ಕೂ ಅದೇ.

"ಟೀಚರ್, ಈ ಪುಸ್ತಕ ತಪ್ಪಾಗಿದೆ!" ಎಂದು ಗ್ಯಾರೇಜು ಕೆಲಸಕ್ಕೆ ಹೊರಟಿರುವ ಒಬ್ಬ ಎದ್ದು ನಿಲ್ಲುತ್ತಾನೆ. ಬೆಂಚು ಪೂರ್ತಿ ಹೌದು ಹೌದು ಎನ್ನುತ್ತದೆ. ಅದು ಸರಿಯಿದೆ, ನಿಮ್ಮ ಕೈಯಲ್ಲಿ ಇಷ್ಟು ದಿನ ಇದ್ದದ್ದೇ ತಪ್ಪು ಎಂದು ಟೀಚರ್ ವಿವರಿಸುತ್ತಾರೆ. "ಹಾಗಾದ್ರೆ ತಪ್ಪೇ ಇರಲಿ ಟೀಚರ್, ನಮಗೆ ಅದೇ ಸರಿಯಾಗಿದೆ" ಎಂಬ ಉತ್ತರ ಬರುತ್ತದೆ. ನಾನು ಗುಳಿಯಕ್ಕನ ಮುಖ ನೋಡುತ್ತೇನೆ. ನೋಡಬಾರದಿತ್ತು. ತಿಂಗಳುಗಟ್ಟಲೆ ಕೈಯನ್ನು ಹದಕ್ಕೆ ತಂದ ಹೆಂಗಸು ಸರಿ ಮಾಡಿದ್ದಕ್ಕೆ ಬೈಸಿಕೊಳ್ಳುತ್ತ ನಿಂತಿದ್ದಾರೆ.

ಟೀಚರ್ ಹಣೆ ಒತ್ತಿಕೊಳ್ಳುತ್ತಾರೆ. ಒಂದೇ ಕ್ಲಾಸಿನಲ್ಲಿ ಎರಡು ಥರದ ಪುಸ್ತಕ ಇದ್ದರೆ ಪಾಠ ಮಾಡುವುದು ಹೇಗೆ? ಹಳಬರು ಚೀಟಿ ಬಿಟ್ಟು ಎದುರು ನೋಡಬೇಕು, ಹೊಸಬರು ಚೀಟಿಯನ್ನೇ ನೋಡಬೇಕು. ವಿದ್ಯಾರ್ಥಿಗಳ ಪರೀಕ್ಷೆಯೂ ಹತ್ತಿರವಿದೆ. "ಅಕ್ಕ, ಬೇಜಾರು ಮಾಡ್ಕೋಬೇಡಿ, ಹಳೇ ಥರಾನೇ ಕೊಯ್ದು ಕೊಡಿ" ಎನ್ನುತ್ತಾರೆ. ಯಜಮಾನರ ಮುಖ ಅರಳುತ್ತದೆ. "ಅಷ್ಟೇ ತಾನೇ! ಅದು ನಿನಗೆ ನಿದ್ದೇಲೂ ಬರತ್ತೆ. ಕೆಲಸಾನೂ ನಿನ್ನ ಕೈಲೇ ಉಳೀತು."

ಗುಳಿಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಅದು ನನ್ನ ಕೈಲಿ ಆಗಲ್ಲ ಯಜಮಾನ್ರೇ."

"ಆಗಲ್ಲ ಅಂದ್ರೆ? ಮೊದಲನೇ ಸಲ ಪೂರ್ತಿ ನೀನೇ ಕೊಯ್ದಿದ್ದಲ್ವಾ?"

"ಹೌದು."

"ಮತ್ತೆ?"

"ಆಗಲ್ಲ."

"ಅತ್ತಿಗೆ!" ಎಂದು ನಾದಿನಿ ಮೊಣಕೈಯಿಂದ ತಿವಿಯುತ್ತಾರೆ. ಅವರ ಕಣ್ಣಿನಲ್ಲಿ ಭಯವಿದೆ, ಹೋಗುವುದು ಇಬ್ಬರ ಸ್ಟೂಲೂ. ಯಜಮಾನರಿಗೆ ಅರ್ಥವಾಗುವುದಿಲ್ಲ. ಹೊಸ ರೀತಿ ಕಲಿತು ಹಳೆಯದು ಮರೆತುಹೋಗಿರಬೇಕು ಎಂದು ಟೀಚರಿಗೆ ಸಮಾಧಾನ ಹೇಳುತ್ತಾರೆ, ಹಾಗಿದ್ದರೆ ಪಟ್ಟಿಯೇ ಗತಿ ಎಂದೂ ಸೇರಿಸುತ್ತಾರೆ. ಟೀಚರ್ ಹಳೆಯ ಪುಸ್ತಕ ಒಂದು ಕೈಯಲ್ಲಿ, ಹೊಸದು ಇನ್ನೊಂದು ಕೈಯಲ್ಲಿ ಹಿಡಿದು ಒಂದು ಪದ ಹುಡುಕಲು ಹೋಗುತ್ತಾರೆ, ಎರಡರಲ್ಲೂ ಸಿಗುವುದಿಲ್ಲ. "ಈಗ ನನಗೇ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ" ಎಂದು ಕುರ್ಚಿಯಲ್ಲಿ ಕೂರುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಯಾರು ಯಾರ ಪರ ಎಂಬುದು ಮಾತಾಡುವವರಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ ನರ್ಸ್ ಒಬ್ಬರು ಕೈ ಎತ್ತುತ್ತಾರೆ. ಮಧ್ಯವಯಸ್ಸಿನ ಹೆಂಗಸು, ಮುಂದಿನ ತಿಂಗಳು ಹೊರಡುವವರಲ್ಲಿ ಅವರೂ ಒಬ್ಬರು. "ಟೀಚರ್, ಅಲ್ಲಿಯ ಆಸ್ಪತ್ರೇಲಿ ಮೇಜಿನ ಮೇಲೆ ಯಾವ ಪುಸ್ತಕ ಇರತ್ತೆ? ಈ ಥರದ್ದೋ, ಹಳೇದೋ?" ಎಂದು ಕೇಳುತ್ತಾರೆ. ಈ ಥರದ್ದೇ ಎಂದು ಟೀಚರ್ ಒಪ್ಪುತ್ತಾರೆ. "ಹಾಸಿಗೇಲಿ ಮಲಗಿರೋ ಅಜ್ಜ ಏನೋ ಕೇಳ್ತಿರ್ತಾರೆ. ನಾನು ಎದುರುಮನೆ ಹುಡುಕ್ತಾ ನಿಂತಿರ್ಲಾ? ಗೊಂದಲ ಆಗೋದಿದ್ರೆ ಇಲ್ಲೇ, ನಿಮ್ಮ ಮುಂದೇನೇ ಆಗಿಹೋಗ್ಲಿ. ಅಲ್ಲಿ ಆಗೋದು ಬೇಡ." ಇಷ್ಟು ಹೇಳಿ ಅವರು ಹೊಸ ಪುಸ್ತಕವನ್ನೇ ಮುಂದಕ್ಕೆಳೆದುಕೊಂಡು ಗುಳಿಗೆ ಬೆರಳಿಡುತ್ತಾರೆ. ನಿಧಾನವಾಗಿ, ತಡವರಿಸಿ, ಒಂದು ಪದ ಹುಡುಕಿ ಅರ್ಥ ಓದುತ್ತಾರೆ. ಗ್ಯಾರೇಜಿನವನು ಅವರನ್ನು ನೋಡಿ ಗೊಣಗುತ್ತಲೇ ತನ್ನ ಪುಸ್ತಕ ತೆರೆಯುತ್ತಾನೆ.

ಟೀಚರ್ ಕೈಯಲ್ಲಿದ್ದ ಹಳೆಯ ಪುಸ್ತಕವನ್ನು ಮುಚ್ಚಿಟ್ಟು ಯಜಮಾನರಿಗೆ, ಹೊಸ ಮುದ್ರಣ ಪೂರ್ತಿ ಇವತ್ತಿನಂತೆಯೇ ಬರಲಿ, ಹಳೆಯ ಪುಸ್ತಕದವರಿಗೆ ಹೊಸ ಅಭ್ಯಾಸ ಮಾಡಿಸುವುದು ನನ್ನ ಪಾಲಿನ ಕಷ್ಟ ಎಂದು ಹೇಳುತ್ತಾರೆ. ಯಜಮಾನರು ಆಯ್ತು ಆಯ್ತು ಎನ್ನುತ್ತ ಮೆಟ್ಟಿಲಿಳಿಯುತ್ತಾರೆ. ಯಾವುದಕ್ಕೆ ಒಪ್ಪಿದೆ ಎಂಬುದು ಅವರಿಗೆ ಇನ್ನೂ ಪೂರ್ತಿ ತಿಳಿದಂತಿಲ್ಲ. ರಸ್ತೆ ದಾಟುವಾಗ ಗುಳಿಯಕ್ಕನನ್ನು ಕರೆದು, "ಹಾಗಾದ್ರೆ ನಾಳೆಯಿಂದ ಶುರು ಮಾಡಮ್ಮ, ಇವತ್ತು ಕೊಯ್ದ ಹಾಗೇ, ಅಂದ್ರೆ ಬೆಳಿಗ್ಗೆ ಕೊಯ್ದ ಹಾಗೇ, ಅದೇ ತಾನೇ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ನಾದಿನಿ ಮಾತ್ರ ಅತ್ತಿಗೆಯ ಕೈ ಹಿಡಿದವರು ಶೆಡ್ಡು ಮುಟ್ಟುವವರೆಗೂ ಬಿಡುವುದಿಲ್ಲ.

ಒಳಗೆ ಹೊಸ ಮುದ್ರಣದ ಕಟ್ಟುಗಳು ಕಾಯುತ್ತಿವೆ. ಗುಳಿಯಕ್ಕ ಅಲಗಿಗೆ ಎಣ್ಣೆ ಸವರುತ್ತಾರೆ. ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಕೊರೆಯುತ್ತಿದೆ, ಕೇಳಿಯೇಬಿಡುತ್ತೇನೆ. ಹಳೆಯ ಥರ ಕೊಯ್ಯುವುದು ನಿಜವಾಗಿಯೂ ಕೈಗೆ ಮರೆತುಹೋಗಿದೆಯೇ? ಮರೆತಿಲ್ಲದಿದ್ದರೆ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಆಗಲ್ಲ ಎಂದದ್ದು ಏಕೆ?

"ಕೈಗೆ ಏನೂ ಮರೆತಿಲ್ಲ. ಈಗ ಬೇಕಂದ್ರೂ ಬರತ್ತೆ" ಎನ್ನುತ್ತಾರೆ ಗುಳಿಯಕ್ಕ. ಎಣ್ಣೆಬಟ್ಟೆ ಮಡಚಿ ಪಕ್ಕಕ್ಕಿಡುತ್ತಾರೆ. "ಅವಾಗ ತಪ್ಪು ಕೊಯ್ದಿದ್ದು ಗೊತ್ತಿಲ್ದೆ. ಗೊತ್ತಿದ್ದೂ ತಪ್ಪು ಕೊಯ್ಯೋದನ್ನ ನನಗೆ ಯಾರೂ ಕಲಿಸಿಲ್ಲ."